ಚಂದ್ರನ ಹಿಂದೆ ಹೋದದ್ದು

ಚಂದ್ರನನ್ನು ಸುತ್ತುವ ನೌಕೆಯೊಂದರ ರೇಡಿಯೋ ಮಾಡಿದವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ನಾಲ್ಕನೆಯ ಇಯತ್ತೆಯವರೆಗಷ್ಟೇ ಕಲಿತ ನನಗೆ ಇದನ್ನು ಬರೆಯುವಾಗಲೂ ಸಂತೋಷ ತಡೆಯಲಾಗುವುದಿಲ್ಲ.

ಆ ಮಧ್ಯಾಹ್ನ ಅವಳು ಘಾಟ್ಕೋಪರಿನ ನಮ್ಮ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ನೌಕೆ ಮೊದಲ ಸಲ ಚಂದ್ರನ ಹಿಂದಕ್ಕೆ ಸರಿಯಿತು. ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ಮಲಗಿಬಿಟ್ಟಿತು.

"ಹೋತು, ಆಯಿ," ಎಂದಳು.

ನಾನು ತಟ್ಟನೆ ತಡೆದೆ. ಅಂಗಡಿಗೆ ಹೊರಟವರೂ ಬರೀ 'ಹೋಗ್ತೇನಿ' ಅನ್ನಬಾರದು. "ಹಂಗ ಅನಬ್ಯಾಡ. ಹೋಗಿ ಬರತೈತಿ ಅನ್ನು."

"ಚಂದ್ರ ಅಡ್ಡ ಐತಿ, ಆಯಿ. ಈ ಕಡೆ ಬಂದ ಮ್ಯಾಲೇ ಆವಾಜ್ ಬರತದ."

ಬರುವ ಹೊತ್ತು ದಾಟಿತು. ಗೆರೆ ಏಳಲಿಲ್ಲ. ಅವಳ ಫೋನಿನಲ್ಲಿ ಮಾತಾಡುತ್ತಿದ್ದ ಜೊತೆಯ ಕೆಲಸದವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ಫ್ಯಾನಿನ ಕಿರುಗುಟ್ಟುವಿಕೆ ಅಪಶಕುನದಂತೆ ಕೇಳಿದ್ದಕ್ಕೆ ಅದನ್ನು ಬಂದ್ ಮಾಡಿದೆ. ಮನೆ ಇನ್ನೂ ಬಿಕೋ ಎಂದಿತು.

"ರೇಡಿಯೋ ಕೆಟ್ಟಿದ್ರ ಸಬ್ ಖತಂ, ಆಯಿ. ಹುಡುಕಾಕೂ ಆಗಲ್ಲ."

ಅವಳ ಕೈ ಹಿಡಿದೆ. ಬೆರಳು ತಣ್ಣಗಿದ್ದವು.

ಆಗ ಗೆರೆ ಸಣ್ಣಗೆ ಎದ್ದಿತು, ಮತ್ತೆ ಎದ್ದಿತು. ಫೋನಿನಲ್ಲಿ ಯಾರೋ ಅಳತೊಡಗಿದರು.

"ಏನಂತೈತಿ ಅದು?" ಎಂದೆ.

ಕಣ್ಣೊರೆಸಿಕೊಂಡು ಓದಿದಳು. "ಮೈ ಎಷ್ಟು ಬಿಸಿ ಐತಿ ಅಂತ ಹೇಳಾಕತ್ತೈತಿ."

ಅಷ್ಟು ದೂರದಿಂದ ಬಂದು ಮೊದಲು ತನ್ನ ಮೈಯ ಸುದ್ದಿ ಹೇಳಿತಲ್ಲ, ನಮ್ಮ ಮನೆಯ ಕೂಸೇ ಸರಿ.