ಇನ್ನೊಮ್ಮೆ ಮೇಡಂ

ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಆಕೆಗೆ ಜೊತೆಯವರು ಇಟ್ಟ ಹೆಸರು ‘ಇನ್ನೊಮ್ಮೆ ಮೇಡಂ’. ಮಾಡಿದ್ದನ್ನು ಇನ್ನೊಮ್ಮೆ ನೋಡದಿದ್ದರೆ ಆಕೆಗೆ ಸಮಾಧಾನವಿಲ್ಲ. ಮನೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಜಗ್ಗಿ ನೋಡುತ್ತಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸಾದದ್ದೂ ಉಂಟು. ಗಂಡ ನಕ್ಕು ಸುಮ್ಮನಾಗುತ್ತಾನೆ. ಮಗಳು ಸುಮ್ಮನಿರುವವಳಲ್ಲ.

“ಅಮ್ಮಾ, ನಿನ್ನಿಂದ ದಿನಾ ಸ್ಕೂಲಿಗೆ ಲೇಟು. ಇವತ್ತು ಎಲ್ಲಾನೂ ಒಂದೇ ಸಲ ಮಾಡ್ತೀನಿ ಅಂತ ಆಣೆ ಮಾಡು,” ಎಂದು ಬೆಳಿಗ್ಗೆ ಕೈ ಚಾಚಿದ್ದಳು. ಆಣೆ ಮಾಡಿದ್ದಾಯಿತು, ಬೀಗ ಜಗ್ಗದೆ ಬಂದದ್ದೂ ಆಯಿತು. ಆಗಿನಿಂದ ಮನಸ್ಸೆಲ್ಲ ಆ ಬೀಗದ ಮೇಲೇ.

ಲ್ಯಾಬಿಗೆ ಹೊಸದಾಗಿ ಮೂವರು ಸೇರಿದ್ದರು. ಆಸ್ಪತ್ರೆಯ ಸರ್ವರಿನಲ್ಲಿ ಅವರಿಗೆ ಖಾತೆ ತೆರೆದು, ‘ಲ್ಯಾಬ್’ ಎಂಬ ಹೊಸ ಗುಂಪಿಗೆ ಸೇರಿಸಬೇಕು. ಮೌಸಿಗೆ ಅಲ್ಲಿ ಕೆಲಸವಿಲ್ಲ. ಪರದೆಯ ಮೇಲಿನ ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವುದು, ಅಷ್ಟೇ. ಗುಂಪು ಹುಟ್ಟಿತು, ಖಾತೆಗಳು ಹುಟ್ಟಿದವು. ಅವರ ಕಡತಗಳು ತನಗೂ ಕಾಣಲೆಂದು ಕೊನೆಗೆ ತನ್ನನ್ನೂ ಅದೇ ಗುಂಪಿಗೆ ಸೇರಿಸಿಕೊಂಡಳು. ಸರ್ವರ್ ತುಟಿ ಪಿಟಕ್ಕೆನ್ನಲಿಲ್ಲ. ಅದರ ಬುದ್ಧಿಯೇ ಹಾಗೆ, ಕೆಲಸ ನೆಟ್ಟಗಾದರೂ ಕೆಟ್ಟರೂ ಅದೇ ಮೌನ.

ಕಿಟಕಿ ಮುಚ್ಚಲು ಕೈ ಹೋಯಿತು. ಆಣೆ ನೆನಪಿತ್ತು. ಆದರೂ ತಡೆಯಲಾಗದೆ ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು, ಪಾಸ್‌ವರ್ಡ್ ಕೊಟ್ಟು ಹೊಸದಾಗಿ ಒಳಹೊಕ್ಕು, ಒಂದು ಆಜ್ಞೆ ಕೊಟ್ಟು ನೋಡಿದಳು. ‘ನಿಮಗೆ ಅಧಿಕಾರವಿಲ್ಲ’ ಎಂದಿತು ಸರ್ವರ್.

ತಾನು ಕೊಟ್ಟಿದ್ದ ಆಜ್ಞೆಯನ್ನು ಮತ್ತೆ ಓದಿದಳು. ‘ಇರುವುದರ ಜೊತೆಗೆ ಸೇರಿಸು’ ಎನ್ನುವ ಸೂಚನೆಯನ್ನೇ ಆಜ್ಞೆಯಲ್ಲಿ ಬರೆಯಲು ಮರೆತಿದ್ದಳು. ಸರ್ವರ್ ಅವಳನ್ನು ಲ್ಯಾಬ್ ಗುಂಪಿಗೆ ಸೇರಿಸಿ, ಮಿಕ್ಕ ಎಲ್ಲ ಗುಂಪುಗಳಿಂದ ಕಿತ್ತುಹಾಕಿತ್ತು, ಸರ್ವರಿನ ಮೇಲೆ ಪೂರ್ತಿ ಅಧಿಕಾರವಿರುವ ನಿರ್ವಾಹಕರ ಗುಂಪಿನಿಂದಲೂ. ಆ ಗುಂಪಿನಲ್ಲಿದ್ದವಳು ಅವಳೊಬ್ಬಳೇ. ಈಗ ಅಧಿಕಾರ ಉಳಿದಿರುವುದು ಈ ಬದಲಾವಣೆಗೆ ಮೊದಲೇ ತೆರೆದಿದ್ದ ಹಳೆಯ ಕಿಟಕಿಯಲ್ಲಿ ಮಾತ್ರ. ಅದು ಮುಚ್ಚಿದರೆ ಕಥೆ ಮುಗಿಯಿತು, ಸರ್ವರನ್ನೇ ನಿಲ್ಲಿಸಿ ಸರಿಪಡಿಸಬೇಕು. ಮೇಲಿನ ಮಹಡಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು, ಅಲ್ಲಿಗೆ ರಕ್ತದ ವರದಿಗಳು ಹೋಗುವುದು ಇದರ ಮೂಲಕವೇ.

“ಮೇಡಂ, ನೆಲ ಉಜ್ಜೋ ಮಿಷನ್ ಹಾಕ್ಬೇಕು. ಈ ಪ್ಲಗ್ ಒಂದ್ನಿಮಿಷ ತೆಗೀಲಾ?” ಕಸ ಗುಡಿಸುವಾಕೆ ಆಗಲೇ ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದ್ದಳು.

“ಮುಟ್ಬೇಡ!”

ಕೂಗು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. “ಅಯ್ಯಯ್ಯೋ, ಕರೆಂಟ್ ಹೊಡೀತದಾ?” ಎನ್ನುತ್ತ ಆಕೆ ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು.

ಮೇಡಂ ಹಳೆಯ ಕಿಟಕಿಯಲ್ಲಿ ತನ್ನನ್ನು ನಿರ್ವಾಹಕರ ಗುಂಪಿಗೆ ಮತ್ತೆ ಸೇರಿಸಿದಳು, ಈ ಸಲ ಆ ಸೂಚನೆ ಸಮೇತ. ಹೊಸ ಕಿಟಕಿ ತೆರೆದು ನೋಡಿದಳು. ಸರ್ವರ್ ಮಾತು ಕೇಳಿತು. ಇನ್ನೊಮ್ಮೆ ತೆರೆದು ನೋಡಿದಳು. ಆಮೇಲೆಯೇ ಅವಳು ಪೆಟ್ಟಾಯಿತೇ ಎಂದು ಕಸ ಗುಡಿಸುವಾಕೆಯನ್ನು ಕೇಳಿದ್ದು.

ಸಂಜೆ ಮಗಳು ವಿಚಾರಿಸಿಕೊಂಡಳು. “ಆಣೆ ಮುರಿದೆ ಕಂದಾ. ಇನ್ನೊಮ್ಮೆ ನೋಡಿದ್ದಕ್ಕೇ ಇವತ್ತು ಬಚಾವಾದೆ,” ಎಂದು ತಾಯಿ ನಡೆದದ್ದನ್ನೆಲ್ಲ ಹೇಳಿದಳು, ಸ್ವಲ್ಪ ಜಂಬದಿಂದಲೇ. ಮಗಳು ನಗಲಿಲ್ಲ.

ಮರುದಿನ ಬೀಗ ಹಾಕಿ, ಜಗ್ಗಿ ನೋಡಿ, ಇಬ್ಬರೂ ರಸ್ತೆಗಿಳಿದರು. ತಿರುವಿನಲ್ಲಿ ಮಗಳು ಕೈ ಬಿಡಿಸಿಕೊಂಡು ಹಿಂದಕ್ಕೆ ಓಡಿದಳು.

“ಎಲ್ಲಿಗೇ? ಲೇಟಾಗುತ್ತೆ!”

“ಇರಮ್ಮಾ, ಬೀಗ ನೋಡ್ಕೊಂಡು ಬರ್ತೀನಿ.”

ತುದಿಗಾಲಲ್ಲಿ ನಿಂತು ಎರಡೂ ಕೈಗಳಿಂದ ಬೀಗ ಜಗ್ಗುತ್ತಿದ್ದ ಆ ಪುಟ್ಟ ಬೆನ್ನು ತಾಯಿಯ ಕಣ್ಣಿಗೆ ಬಿತ್ತು. ತನ್ನ ಭಯ ಈ ಕೂಸಿಗೂ ಅಂಟಿತಲ್ಲ ಎಂದು ಅವಳಿಗೆ ಅಳು ಬಂತು.

“ಬಾ ಕಂದಾ, ಬೀಗ ಸರಿಯಾಗಿ ಬಿದ್ದಿದೆ!” ಎಂದು ಕೂಗಿದಳು.

ಮಗಳು ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಜಗ್ಗಿದಳು.