ಕೊಳವೆಯ ಬಾಯಲ್ಲಿ ಊದಿನಕಡ್ಡಿ

ಬಾಳೆಹಣ್ಣು ತರುವುದನ್ನು ಮರೆತಿದ್ದರು. ಊದಿನಕಡ್ಡಿ ಎಲ್ಲಿ ಸಿಗಿಸುವುದು? ಎದುರಿಗೇ ಒಂದು ಕೊಳವೆ ಇತ್ತು. ಅದರ ಬಾಯಿಗೇ ಸಿಗಿಸಲಾಯಿತು. (ಸಿಗಿಸಿದ ಪುಣ್ಯಾತ್ಮ ಯಾರೆಂದು ಆಮೇಲೆ ಹೇಳುತ್ತೇನೆ. ಅವಸರ ಬೇಡ.)

ಇದು ನಡೆದದ್ದು ಕಳೆದ ವಾರ, ಶಹಾಪುರದ ಒಂದು ಕಾಲೇಜಿನಲ್ಲಿ. ಕೊಳವೆ ರೇಣುಕಾಳದು. ಕೆಂಭಾವಿಯವಳು, ಒಂದು ಕಾಲಕ್ಕೆ ನನ್ನ ಶಿಷ್ಯೆ, ಈಗ ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಆ ಗೇಣುದ್ದದ ಕೊಳವೆಯ ಒಳಗೋಡೆಗೆ ಇದ್ದಿಲಿನ ತೆಳು ಪೊರೆ ಕಟ್ಟಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಕಚ್ಚಾ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳಲ್ಲಿ ಬೇರೆ ಗ್ಯಾಸುಗಳ ಜೊತೆ ಬೆರೆತು ಸುಮ್ಮನೆ ಉರಿದುಹೋಗುವ ಹೈಡ್ರೋಜನ್ ಇದೆಯಲ್ಲ, ಅದನ್ನು ಬೇರ್ಪಡಿಸುವ ಪೊರೆ. ಅವತ್ತು ಬಂದಿದ್ದ ತಜ್ಞರೊಬ್ಬರು ನೋಡಿ ಒಪ್ಪಿದರೆ ಅವಳಿಗೆ ಲ್ಯಾಬ್. ಒಪ್ಪದಿದ್ದರೆ ಕೆಲಸ ಅಲ್ಲಿಗೇ ಬಂದ್.

"ಅಂದ್ರ ಜರಡಿ ಇದ್ದಂಗ ಅನ್ನವ್ವ," ಎಂದರು ಪ್ರಿನ್ಸಿಪಾಲರು.

"ಜರಡಿ ಅಲ್ರಿ ಸರ್. ಜರಡ್ಯಾಗ ಸಣ್ಣದು ಕೆಳಗ ಬೀಳ್ತದ. ಇಲ್ಲಿ ಉಲ್ಟಾ. ದೊಡ್ಡ ಗ್ಯಾಸು ಇದ್ದಿಲಿಗಿ ಅಂಟಿಕೊಂಡು, ತೂತಿನ ಗ್ವಾಡಿ ಹಿಡಕೊಂಡು ಆಚಿಗಿ ದಾಟ್ತಾವ. ಹೈಡ್ರೋಜನ್ ಅಂಟಂಗಿಲ್ಲ, ಈಚಿಗೇ ಉಳೀತದ."

"ಭಾಳ ಛಲೋ. ಪೂಜಾ ಯಾವಾಗ?"

ನಮ್ಮಲ್ಲಿ ಕಾಲುವೆಗೆ ನೀರು ಬಿಟ್ಟರೂ ಪೂಜೆ, ಪಂಪ್‌ಸೆಟ್ ಕೂರಿಸಿದರೂ ಪೂಜೆ. ಆಫೀಸಿನ ಪ್ರಿಂಟರಿಗೂ ಕುಂಕುಮ. (ಅದು ಆಮೇಲೂ ಪೇಪರ್ ನುಂಗುತ್ತದೆ, ಅದು ಬೇರೆ ಮಾತು.)

"ಬೆಂಕಿ ಬ್ಯಾಡ್ರಿ ಸರ್, ಒಳಗ ಗ್ಯಾಸಿನ ಸಿಲಿಂಡರ್ ಅದ," ಎಂದು ರೇಣುಕಾ ಕೈ ಮುಗಿದಳು.

ಆಗ ಅತಿಥಿಗಳ ಸಾಲಿನಲ್ಲಿದ್ದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ಎದ್ದು ದಾರಿ ತೋರಿಸಿದರು. "ಸಿಲಿಂಡರ್ ಒಳಗಿರಲಿ. ಕೊಳವಿ ಹೊರಗ ತರೋಣ."

"ಹಿರೇರು ಅಂದ್ರ ಹಿಂಗಿರಬೇಕು!" ಎಂದರು ಪ್ರಿನ್ಸಿಪಾಲರು. ಎಲ್ಲರೂ ಚಪ್ಪಾಳೆ ತಟ್ಟಿದರು.

ವರಾಂಡದಲ್ಲಿ ತಟ್ಟೆ, ತಟ್ಟೆಯಲ್ಲಿ ಕೊಳವೆ, ಪಕ್ಕದಲ್ಲೇ ಒಂದು ಹಿಡಿ ಕರ್ಪೂರ. ಅರ್ಧ ಗಂಟೆ ಹೊಗೆಯೋ ಹೊಗೆ. ರೇಣುಕಾ ಆ ನಿವೃತ್ತರ ಕಿವಿಯಲ್ಲಿ, "ಸರ್, ಇದ್ದಿಲು ಹೊಗಿ ಹೀರ್ತದ್ರಿ," ಎಂದಳು. "ಐದು ನಿಮಿಷ ಸುಮ್ನಿರು ತಂಗಿ, ದೊಡ್ಡೋರು ನಿಂತಾರ," ಎಂದರು ಅವರು.

ಹೌದು, ಆ ಮಹಾನುಭಾವ ನಾನೇ. ಕಡ್ಡಿ ಗೀರಿದವನೂ ನಾನು, ಊದಿನಕಡ್ಡಿ ಸಿಗಿಸಿದವನೂ ನಾನು. ಇದ್ದಿಲಿನ ಗುಣದ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದವನು!

ಪೂಜೆ ಮುಗಿಸಿ ಕೊಳವೆ ಜೋಡಿಸಿ ಗ್ಯಾಸ್ ಬಿಟ್ಟರು. ಬೆರೆತು ಹೋದದ್ದು ಬೆರೆತೇ ಬಂತು. ಬರದೆ ಇನ್ನೇನು? ಕಾಲುವೆಯ ಮೇಲ್ಭಾಗದ ರೈತರು ಕೆಳಗಿನವರಿಗೆ ನೀರು ಬಿಡದೆ ತೂಬಿನ ಮೇಲೆ ಕೂತಂತೆ ಕರ್ಪೂರ ತೂತುಗಳಲ್ಲಿ ಕೂತಿತ್ತು. ಬೇರೆ ಗ್ಯಾಸಿಗೆ ದಾರಿ ಎಲ್ಲಿ?

"ನಾಳಿ ತನಕ ಟೈಮ್ ಕೊಡ್ರಿ ಸರ್, ಕಾಸಿ ಸ್ವಚ್ಛ ಮಾಡ್ತೀನಿ," ಎಂದಳು ರೇಣುಕಾ. ತಜ್ಞರು ಗಡಿಯಾರ ನೋಡಿದರು. ಯಾದಗಿರಿಯಲ್ಲಿ ಅವರಿಗೆ ರೈಲಿತ್ತು. ಪ್ರಸಾದದ ಕಾಯಿಹೋಳು ಕಟ್ಟಿಸಿಕೊಂಡು, 'ಕೆಲಸ ಮಾಡುವುದಿಲ್ಲ' ಎಂದು ಬರೆದು ಹೊರಟರು. ವಿಜ್ಞಾನಕ್ಕೆ ಒಂದು ದಿನ ಕಾಯಲಾಗದವರು ಮಂಗಳಾರತಿಗೆ ಅರ್ಧ ಗಂಟೆ ನಿಂತಿದ್ದರು. ನಾಚಿಕೆ ಯಾರಿಗೂ ಆಗಲಿಲ್ಲ.

"ರಾಹುಕಾಲ ನೋಡಬೇಕಿತ್ತು," ಎಂದರು ಪ್ರಿನ್ಸಿಪಾಲರು.

ಮರುದಿನ ರೇಣುಕಾ ಕೊಳವೆ ಕಾಸಿದಳು. ಕೋಣೆಯೆಲ್ಲ ಗುಡಿಯ ವಾಸನೆ ಬಂತಂತೆ. ಆಮೇಲೆ ಗ್ಯಾಸ್ ಬಿಟ್ಟರೆ ಹೈಡ್ರೋಜನ್ ಅಚ್ಚುಕಟ್ಟಾಗಿ ಬೇರೆ ಬಂತು. ಫೋನ್ ಮಾಡಿ ಒಂದೇ ಒಂದು ಕೇಳಿದಳು: "ಸರ್, ಹೊಗಿ ಹಾಕಿದ್ದಕ್ಕೇ ಕೆಟ್ಟಿತ್ತು ಅಂತ ನೀವು ಬರ್ದು ಸಹಿ ಮಾಡಿ ಕೊಡ್ತೀರೇನ್ರಿ? ಮತ್ತೊಮ್ಮಿ ನೋಡ್ರಿ ಅಂತ ಕೇಳ್ತೀನಿ."

"ನೋಡೋಣ ತಂಗಿ," ಎಂದೆ. ಪೂಜೆಯ ಮಾತು, ಜನ ಏನಂದಾರು?

ಸಹಿ ಹಾಕಿ ಕಳಿಸಿದ್ದು ನಿನ್ನೆ, ಪೂರಾ ನಾಲ್ಕು ದಿನ ಬಿಟ್ಟು. ಕಡ್ಡಿ ಗೀರಲು ಎಷ್ಟು ಹೊತ್ತು ಹಿಡಿದಿತ್ತು ಸ್ವಾಮಿ?