ಎಡಗಡೆಯದು ಫ್ರಾನ್ಸ್, ಬಲಗಡೆಯದು ಅಮೆರಿಕ

ನಾನು ವೈನ್ ಕುಡಿಯುವವಳಲ್ಲ. ಆದರೆ ಒಂಬತ್ತು ವರ್ಷ ಅದನ್ನು ದಿನವೂ ಬಾಯಿಗೆ ಹಾಕಿಕೊಂಡಿದ್ದೇನೆ, ದಿನವೂ ಉಗುಳಿದ್ದೇನೆ. ಸಿಂಗಾಪುರದ ಪಾಸಿರ್ ಪಂಜಾಂಗ್‌ನಲ್ಲಿ, ಹಡಗಿನ ಕಂಟೇನರುಗಳು ಇಳಿಯುವ ಜಾಗದ ಹತ್ತಿರ, ಫ್ರಾನ್ಸಿನಿಂದಲೂ ಅಮೆರಿಕದಿಂದಲೂ ವೈನ್ ತರಿಸಿ ಹೋಟೆಲುಗಳಿಗೆ ಮಾರುವ ಸಣ್ಣ ಕಂಪನಿಯೊಂದಿದೆ. ಅಲ್ಲಿ ರುಚಿ ನೋಡುವುದು ನನ್ನ ಕೆಲಸವಾಗಿತ್ತು.

ಆ ಕೆಲಸಕ್ಕೆಂದು ಸೇರಿದವಳಲ್ಲ. ಗಂಡನಿಗೆ ಸಿಂಗಾಪುರದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆಂದು ಅವರ ಜೊತೆ ಬಂದೆ. ಬುಕಿತ್ ಪಂಜಾಂಗ್‌ನಲ್ಲಿ ಮನೆ ಮಾಡಿದೆವು. ಧಾರವಾಡದಲ್ಲಿ ನಾನು ಓದಿದ ಮೈಕ್ರೋಬಯಾಲಜಿ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಬಹಳ ಅಲೆದ ಮೇಲೆ ಸಿಕ್ಕಿದ್ದು ಈ ಕಂಪನಿಯಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಒಡತಿ ಇಲ್ಲಿಯವರೇ, ಚೀನೀ ಹೆಂಗಸು, ಆಗಲೇ ಅರವತ್ತರ ಸಮೀಪ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆದರೂ ಈಗ ನೆನೆಸಿಕೊಂಡರೆ ಅವರು ಕನ್ನಡದಲ್ಲೇ ಮಾತಾಡಿದಂತೆ ಕೇಳಿಸುತ್ತದೆ.

ಸೇರಿದ ಎರಡನೇ ತಿಂಗಳು ಒಂದು ದಿನ ಮೇಡಂ ಗಿರಾಕಿಗಳೆದುರು ಒಂದು ಬಾಟಲಿ ತೆರೆದು ಗ್ಲಾಸಿಗೆ ಸುರಿಯುತ್ತಿದ್ದರು. ಸಹಿ ಹಾಕಿಸಿಕೊಳ್ಳಲು ಕಾಗದ ಹಿಡಿದು ನಿಂತಿದ್ದ ನಾನು ತಡೆಯಲಾರದೆ ಹೇಳಿಬಿಟ್ಟೆ: “ಮೇಡಂ, ಒದ್ದೆ ಗೋಣಿಚೀಲದ ವಾಸನೆ ಬರುತ್ತಿದೆ.”

ಗಿರಾಕಿಗಳು ನಕ್ಕರು. ಮೇಡಂ ನಗಲಿಲ್ಲ. ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. ಬಾಟಲಿಯ ಕಾರ್ಕ್ ಕೆಟ್ಟು ವೈನಿಗೆ ಮುಗ್ಗಲು ಹಿಡಿದಿತ್ತು. ಎಷ್ಟು ಸಣ್ಣಗೆಂದರೆ, ಮೂವತ್ತು ವರ್ಷ ಅದೇ ಕಸುಬು ಮಾಡಿದ ಅವರಿಗೂ ಕೂಡಲೇ ತಿಳಿದಿರಲಿಲ್ಲ. ಗಿರಾಕಿಗಳು ಹೋದ ಮೇಲೆ, “ಈ ಮೂಗನ್ನು ಎಲ್ಲಿಂದ ತಂದೆ?” ಎಂದು ಕೇಳಿದರು.

ವಿಜಯಪುರದ ಹತ್ತಿರದ ನಮ್ಮ ತೋಟದಿಂದ ಎಂದೆ. ನಮ್ಮದು ಒಣದ್ರಾಕ್ಷಿ ಮಾಡುವ ಮನೆ. ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರಡಿರುತ್ತಿದ್ದರು. ಎಲ್ಲೋ ಒಂದು ಕಡೆ ಹುಳಿ ಹಿಡಿದರೆ ಅಪ್ಪ ನನ್ನನ್ನು ಕರೆಯುತ್ತಿದ್ದರು. ನಾನು ಮೂಸುತ್ತಾ ಹೋಗಿ ಇಲ್ಲಿ ಎಂದು ಬೆರಳಿಟ್ಟು ತೋರಿಸುತ್ತಿದ್ದೆ. ಆಗ ನನಗೆ ಏಳೋ ಎಂಟೋ ವರ್ಷ.

ಆಮೇಲೆ ಮೇಡಂ ನನಗೆ ಕಲಿಸಿದರು. ಪರೀಕ್ಷೆಗಳಿಗೆ ಕೂರಿಸಿದರು. ಮುಂದೆ ಶನಿವಾರ ಮಧ್ಯಾಹ್ನಗಳಲ್ಲಿ ವೈನ್ ತಿಳಿದುಕೊಳ್ಳಬೇಕೆನ್ನುವವರಿಗೆ ನಾನೇ ಪಾಠ ಮಾಡತೊಡಗಿದೆ. ಅವರ ಮುಂದೆ ಎರಡೆರಡು ಗ್ಲಾಸು ಇಡುತ್ತಿದ್ದೆ, ಒಂದು ಫ್ರಾನ್ಸಿನದು, ಒಂದು ಅಮೆರಿಕದ್ದು. ಫ್ರಾನ್ಸಿನವರು ಬಾಟಲಿಯ ಮೇಲೆ ಊರಿನ ಹೆಸರು ಬರೆಯುತ್ತಾರೆ, ಅಮೆರಿಕದವರು ದ್ರಾಕ್ಷಿಯ ಹೆಸರು ಬರೆಯುತ್ತಾರೆ ಎಂಬಲ್ಲಿಂದ ಶುರುಮಾಡುತ್ತಿದ್ದೆ. ಮಣ್ಣು ಮುಖ್ಯ ಅನ್ನುವವರು ಅವರು, ಹಣ್ಣು ಮುಖ್ಯ ಅನ್ನುವವರು ಇವರು. ಫ್ರಾನ್ಸಿನ ಬರ್ಗಂಡಿಯಲ್ಲಿ ಪಿನೋ ನ್ವಾರ್ ಎಂಬ ದ್ರಾಕ್ಷಿಯ ವೈನ್ ಮೊದಲು ಏನೂ ಹೇಳುವುದಿಲ್ಲ. ಸ್ವಲ್ಪ ಕಾದರೆ ಚೆರ್ರಿ, ಆಮೇಲೆ ಅಣಬೆ, ಹಸಿ ಮಣ್ಣು. ಅದೇ ದ್ರಾಕ್ಷಿ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಮಾಗಿದರೆ ಬಾಗಿಲಲ್ಲೇ ನಿಂತು ನಗುತ್ತಾ ಮಾತಾಡಿಸುತ್ತದೆ. ಅದೇ ಫ್ರಾನ್ಸಿನ ಬೋರ್ಡೋದಲ್ಲಿ ಎರಡು ಮೂರು ಜಾತಿಯ ದ್ರಾಕ್ಷಿ ಬೆರೆಸುತ್ತಾರೆ. ಅದರಲ್ಲಿ ಆಗಷ್ಟೇ ಕೆತ್ತಿದ ಪೆನ್ಸಿಲ್ಲಿನ ವಾಸನೆ ಇರುತ್ತದೆ. ಕ್ಯಾಲಿಫೋರ್ನಿಯಾದ ನಾಪಾದ ವೈನಿನಲ್ಲಿ ಕಾಯಿಸಿದ ನೇರಳೆ ಹಣ್ಣು, ಗಂಟಲಲ್ಲಿ ಬಿಸಿ. ಅಮೆರಿಕದ ಓಕ್ ಮರದ ಪೀಪಾಯಿಯಾದರೆ ವೆನಿಲ್ಲಾ, ಕೊಬ್ಬರಿ.

ಅವ್ವನಿಗೆ ದ್ರಾಕ್ಷಿ ಕಂಪನಿ ಎಂದಷ್ಟೇ ಹೇಳಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯ ಮಗಳು ಇಂಥ ಕೆಲಸದಲ್ಲಿದ್ದಾಳೆಂದು ತಿಳಿದರೆ ಅವ್ವ ಊಟ ಬಿಡುತ್ತಿದ್ದಳು. ಅಪ್ಪನಿಗೆ ಮಾತ್ರ ನಿಜ ಹೇಳಿದೆ. ಅವರು ಬೈಯಲಿಲ್ಲ. “ಬಳ್ಳಿ ಯಾವ ಬೇರಿನ ಮ್ಯಾಲ ಕಟ್ಟ್ಯಾರ?” ಎಂದು ಕೇಳಿದರು.

ನೂರೈವತ್ತು ವರ್ಷದ ಹಿಂದೆ ಅಮೆರಿಕದಿಂದ ಹೋದ ಒಂದು ಸಣ್ಣ ಹೇನು ಫ್ರಾನ್ಸಿನ ತೋಟಗಳ ಬೇರನ್ನೆಲ್ಲ ತಿಂದುಹಾಕಿತಂತೆ, ಆ ಹೇನನ್ನು ತಾಳಿಕೊಳ್ಳುವ ಶಕ್ತಿ ಇದ್ದದ್ದು ಅಮೆರಿಕದ ಕಾಡುಬಳ್ಳಿಯ ಬೇರಿಗೆ ಮಾತ್ರವಂತೆ, ಅಂದಿನಿಂದ ಅಲ್ಲಿಯವರು ಅದೇ ಬೇರಿನ ಮೇಲೆ ತಮ್ಮ ಬಳ್ಳಿ ಕಸಿ ಕಟ್ಟುತ್ತಾರಂತೆ ಎಂದು ಹೇಳಿದೆ.

ಅಪ್ಪ ಫೋನಿನಲ್ಲೇ ಜೋರಾಗಿ ನಕ್ಕರು. “ಅಂದ್ರ ನಮ್ಮಂಗ ಅವರೂ ಅಮೆರಿಕದ ಬೇರಿನ ಮ್ಯಾಲ ಕುಂತಾರನ್ನು! ನಮ್ಮ ಡಾಗ್ರಿಜ್ ಬೇರೂ ಅಲ್ಲಿಂದನ ಬಂದದ್ದವಾ.”

ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ. ಅದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಆಮೇಲೆ ಲೋಕಕ್ಕೆಲ್ಲ ಹಬ್ಬಿದ ಆ ಜ್ವರ ನಮ್ಮ ಮನೆಗೂ ಬಂತು. ಗಂಡನಿಗೆ ಮೂರು ದಿನ, ಮಗಳಿಗೆ ಎರಡು ದಿನ, ನನಗೆ ನಾಲ್ಕು. ಐದನೆಯ ದಿನ ಬೆಳಿಗ್ಗೆ ಎದ್ದು ಹಾಲು ಕಾಯಿಸಲು ಇಟ್ಟು, ಪಕ್ಕದಲ್ಲೇ ನಿಂತು ಕಿಟಕಿಯಾಚೆ ಎಲ್‌ಆರ್‌ಟಿ ರೈಲು ಹೋಗುವುದನ್ನು ನೋಡುತ್ತಿದ್ದೆ. ಗಂಡ ಹೊರಗಿನ ಕೋಣೆಯಿಂದ ಓಡಿಬಂದು ಒಲೆ ಆರಿಸಿದರು.

“ಏನ್ ಮಾಡ್ತಿದೀಯ ಕಣೇ? ಹಾಲು ಪೂರ್ತಿ ಸೀದು ಹೋಗಿದೆ. ಇಡೀ ಫ್ಲಾಟ್ ಸ್ಮೆಲ್ ಬರ್ತಿದೆ, ನಿಂಗೆ ಗೊತ್ತಾಗ್ಲಿಲ್ವಾ?”

ಪಾತ್ರೆಯ ತಳ ಕಪ್ಪಾಗಿತ್ತು. ನಾನು ಬಗ್ಗಿ ಮೂಸಿದೆ. ಇಂಗಿನ ಡಬ್ಬಿ ತೆಗೆದು ಮೂಸಿದೆ. ಕಾಫಿಪುಡಿ, ಬೆಳ್ಳುಳ್ಳಿ, ಕೊನೆಗೆ ನೆಲ ತೊಳೆಯುವ ಫಿನಾಯಿಲ್. ಗಾಳಿ ಮೂಗಿನೊಳಗೆ ಹೋಗಿ ಬರುತ್ತಿತ್ತು, ಅಷ್ಟೇ.

“ಒಂದೆರಡು ವಾರ ಲಾ ಅಮ್ಮಾ, ನನ್ ಫ್ರೆಂಡ್‌ಗೂ ಹಾಗೇ ಆಗಿತ್ತು” ಎಂದಳು ಒಂಬತ್ತು ವರ್ಷದ ಮಗಳು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ. ಗಂಡನೂ ಹಾಗೇ ಅಂದರು. ವಾರಗಳು ತಿಂಗಳಾದವು.

ಮೇಡಂಗೆ ಹೇಳಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ತಡೆದೆ. ಶನಿವಾರದ ಪಾಠ ಮಾಡುತ್ತಲೇ ಇದ್ದೆ. ಬಾಟಲಿಯ ಮೇಲಿನ ಚೀಟಿ ನನಗೆ ಕಾಣುತ್ತಿತ್ತಲ್ಲ. ಯಾವ ಊರು, ಯಾವ ದ್ರಾಕ್ಷಿ ಎಂದು ಓದಿದರೆ ಸಾಕು, ಉಳಿದ ಮಾತು ತಾನೇ ಬರುತ್ತಿತ್ತು. ಬಾಯಿಗೆ ಹಾಕಿಕೊಂಡರೆ ಹುಳಿ ತಿಳಿಯುತ್ತಿತ್ತು, ಒಗರು ತಿಳಿಯುತ್ತಿತ್ತು, ಉರಿ ತಿಳಿಯುತ್ತಿತ್ತು. ಬೋರ್ಡೋ ಆಗಲಿ ನಾಪಾ ಆಗಲಿ ನನ್ನ ಬಾಯಲ್ಲಿ ಹುಳಿ ನೀರು. “ಹಸಿ ಮಣ್ಣಿನ ವಾಸನೆ ಬಂತಾ?” ಎಂದು ಕೇಳುತ್ತಿದ್ದೆ. ಬಂತು ಬಂತು ಎಂದು ಎದುರು ಕೂತವರು ಕಣ್ಣರಳಿಸುತ್ತಿದ್ದರು. ಅವರ ಮುಖ ನೋಡಲಾಗದೆ ಮುಂದಿನ ಬಾಟಲಿ ತೆರೆಯುತ್ತಿದ್ದೆ.

ಮೂಗಿನ ಡಾಕ್ಟರು ನಾಲ್ಕು ಪುಟ್ಟ ಶೀಶೆ ಕೊಟ್ಟರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಮೂಸುತ್ತಾ ಅದರ ಹಳೆಯ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ಕೆಲವರಿಗೆ ಮರಳಿ ಬರುತ್ತದೆ ಎಂದರು. ಮಗಳು ಇದನ್ನು ಆಟ ಮಾಡಿಕೊಂಡಳು. ಶಾಲೆಯಿಂದ ಬಂದವಳೇ ನನ್ನ ಕಣ್ಣಿಗೆ ದುಪಟ್ಟಾ ಕಟ್ಟಿ ಒಂದು ಶೀಶೆ ಹಿಡಿಯುತ್ತಿದ್ದಳು.

“ಗೆಸ್ ಮಾಡು ಲಾ, ಅಮ್ಮಾ.”

ಮೊದಮೊದಲು ಎಲ್ಲ ತಪ್ಪು. ವರ್ಷ ಕಳೆಯುತ್ತಾ ಬಂದಾಗ ಒಂದು ದಿನ ಲವಂಗ ಎಂದೆ. “ಕರೆಕ್ಟ್!” ಎಂದು ಕುಣಿದಳು. ಮರುದಿನ ಎರಡು ಸರಿ, ಆಮೇಲೆ ಮೂರು. ನನಗೂ ಮೂಗಿನ ಮೇಲ್ಭಾಗದಲ್ಲಿ ಏನೋ ಚುರುಗುಟ್ಟಿದಂತೆ ಅನ್ನಿಸತೊಡಗಿತು. ಗಂಡ ಖುಷಿಯಿಂದ ಕೇಸರಿಬಾತ್ ಮಾಡಿದರು. ಏಲಕ್ಕಿ ಗಮ್ಮೆನ್ನುತ್ತಿದೆ ಎಂದೆ. ಸುಳ್ಳು ಹೇಳಲಿಲ್ಲ, ಹಾಗೇ ಅನ್ನಿಸಿತ್ತು.

ಆ ವಾರವೇ ಬೋರ್ಡೋದಿಂದ ಹೊಸ ಸರಕು ಬಂತು. ಅಲ್ಲಿಯವರೆಗೆ, ಬಂದ ಸರಕು ಕೆಟ್ಟಿದೆಯೇ ಎಂದು ಮೂಸಿ ನೋಡುವ ತಪಾಸಣೆಗಳನ್ನು ಏನೇನೋ ನೆಪ ಹೇಳಿ ಮೇಡಂ ಕೈಗೇ ದಾಟಿಸುತ್ತಿದ್ದೆ. ಈ ಸಲ ನಾನೇ ಕೂತೆ. ಬಾಟಲಿ ತೆರೆದು ಮೂಸಿದೆ. ಕೆತ್ತಿದ ಪೆನ್ಸಿಲ್ಲಿನ ವಾಸನೆ ಬಂತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿದೆ.

ನಾಲ್ಕು ದಿನದ ಮೇಲೆ ಮಗಳು ಶೀಶೆ ಹಿಡಿದಿದ್ದಾಗ ದುಪಟ್ಟಾ ಸಡಿಲವಾಗಿ ಕೆಳಗೆ ಜಾರಿತು. ನಾನು ಆಗಷ್ಟೇ ಗುಲಾಬಿ ಎಂದಿದ್ದೆ. ಅವಳು ದುಪಟ್ಟಾ ಜಾರಿದ್ದನ್ನು ನೋಡದೆ “ಕರೆಕ್ಟ್ ಅಮ್ಮಾ!” ಎಂದಳು. ಅವಳ ಕೈಯಲ್ಲಿದ್ದದ್ದು ನಿಂಬೆಯ ಶೀಶೆ.

ಶೀಶೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

“ಎಲ್ಲಾನೂ ಹೀಗೇನಾ?” ಎಂದು ಕೇಳಿದೆ.

ತಲೆ ತಗ್ಗಿಸಿದಳು. “ನೀನು ಬಾತ್‌ರೂಮಲ್ಲಿ ಅಳ್ತಿದ್ಯಲ್ಲ ಅಮ್ಮಾ. ಡೇಲಿ. ನಂಗೆ ಕೇಳ್ಸುತ್ತೆ.”

ಅವಳನ್ನು ಎಳೆದು ಅಪ್ಪಿಕೊಂಡೆ. ಮುಖವನ್ನು ಅವಳ ಕೂದಲಿಗೆ ಒತ್ತಿಕೊಂಡೆ. ಹುಟ್ಟಿದ ದಿನದಿಂದ ನನಗೆ ಗೊತ್ತಿದ್ದ ತಲೆ ಅದು. ಯಾರದೋ ತಲೆಯನ್ನು ಮೂಸಿದಂತಿತ್ತು.

ಆ ವಾರದ ಸಹಿಯ ವಿಚಾರ ಮೇಡಂಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಧೈರ್ಯವಾಗಲಿಲ್ಲ. ಹತ್ತು ದಿನದಲ್ಲಿ ಒಂದು ಹೋಟೆಲಿನವರು ಆ ಸರಕನ್ನೇ ವಾಪಸ್ ಕಳಿಸಿದರು. ಮದುವೆಯ ಊಟವೊಂದರಲ್ಲಿ ಬಡಿಸಿದ ಮೇಲೆ ಅತಿಥಿಗಳೇ ಗ್ಲಾಸು ದೂರ ತಳ್ಳಿದರಂತೆ. ಬಾಟಲಿಯ ಮೇಲೆ ಬಾಟಲಿ, ಒದ್ದೆ ಗೋಣಿಚೀಲ.

ಮೇಡಂ ಕೂಗಾಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆದು ಎದುರಿಗೆ ಕೂರಿಸಿದರು. ಮೇಜಿನ ಮೇಲೆ ಎರಡು ಕಪ್ಪು ಗಾಜಿನ ಗ್ಲಾಸುಗಳಿದ್ದವು. ಒಳಗಿನ ಬಣ್ಣ ಕಾಣದಿರಲೆಂದು ಪರೀಕ್ಷೆಗೆ ಬಳಸುವಂಥವು.

“ಯಾವುದು ಫ್ರಾನ್ಸ್, ಯಾವುದು ಅಮೆರಿಕ? ಹೇಳು.”

ನಾನು ಒಂದೊಂದನ್ನೂ ಎತ್ತಿ ತಿರುಗಿಸಿದೆ, ಮೂಸಿದೆ, ಬಾಯಿಗೆ ಹಾಕಿಕೊಂಡು ಉಗುಳಿದೆ. ಎಡಗಡೆಯದು ತುಸು ತಣ್ಣಗಿದೆ ಅನ್ನಿಸಿತು. ಅಷ್ಟನ್ನೇ ಹಿಡಿದು ಹೊರಟೆ. ಎಡಗಡೆಯದು ಫ್ರಾನ್ಸ್ ಎಂದೆ. ಸೀಡರ್ ಮರ, ಪೆನ್ಸಿಲ್, ಕೊನೆಯಲ್ಲಿ ಸ್ವಲ್ಪ ತಂಬಾಕು. ಬಲಗಡೆಯದು ಅಮೆರಿಕ, ಮಾಗಿದ ಹಣ್ಣು, ವೆನಿಲ್ಲಾ, ಬಿಸಿಲು ಹೆಚ್ಚಿದ ವರ್ಷವಿರಬೇಕು. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲವೇನೋ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎರಡೂ ಒಂದೇ ಬಾಟಲಿಯದು” ಎಂದರು.

ನಾನು ಗ್ಲಾಸುಗಳನ್ನು ಪಕ್ಕಕ್ಕೆ ಸರಿಸಿದೆ.

“ಯಾವಾಗ ಹೋಯಿತು?”

“ಹದಿಮೂರು ತಿಂಗಳಾಯಿತು.”

“ಆ ಶನಿವಾರಗಳೆಲ್ಲ?”

“ಚೀಟಿ ಓದಿಕೊಂಡು.”

“ಮೊದಲ ದಿನವೇ ಬಂದು ಹೇಳಿದ್ದರೆ ನಿನ್ನ ಜೊತೆ ನಾನೂ ಅಳುತ್ತಿದ್ದೆ” ಎಂದರು. “ಈಗ ನಿನ್ನ ಮೇಲೆ ಸಿಟ್ಟು ಮಾಡಬೇಕಾಗಿದೆ. ಅದೂ ಸರಿಯಾಗಿ ಆಗುತ್ತಿಲ್ಲ.”

ಮಗಳ ಆಟದ ವಿಷಯ ನಾನು ಹೇಳಲಿಲ್ಲ. ಯಾರಿಗೂ ಹೇಳಿಲ್ಲ, ಗಂಡನಿಗೂ. ಸಹಿ ಹಾಕಿದ ಕೈ ನನ್ನದು.

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹಳೆಯ ಕುರ್ಚಿಗೇ, ಕಂಟೇನರುಗಳ ಕಾಗದಪತ್ರಕ್ಕೇ ವಾಪಸ್ ಕಳಿಸಿದರು. ತೆಗೆದಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಗಂಡನಿಗೆ ಹೇಳಿದಾಗ, “ಬಿಡು, ಟೆನ್ಷನ್ ಕಮ್ಮಿ ಆಯ್ತು ಅಂದ್ಕೋ. ಸ್ಮೆಲ್ ಇಲ್ದೇನೂ ಜನ ಬದುಕ್ತಾರೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅದಾದ ಮೇಲೆ ಅವರ ಜೊತೆ ಆ ಮಾತು ಎತ್ತಿಲ್ಲ.

ಎರಡು ವರ್ಷ ತುಂಬಿದಾಗ ಡಾಕ್ಟರು ಮೂಗಿನೊಳಗೆ ಕೊನೆಯ ಸಲ ನೋಡಿ, ಇನ್ನು ಬರುವುದು ಕಷ್ಟ, ಮನೆಯಲ್ಲಿ ಗ್ಯಾಸಿನ ಬಗ್ಗೆ ಮಾತ್ರ ಎಚ್ಚರವಾಗಿರಿ ಎಂದರು. ಆಯಿತು ಎಂದೆ.

ನನ್ನ ಜಾಗಕ್ಕೆ ಈಗ ಹೊಸ ಹುಡುಗಿ ಬಂದಿದ್ದಾಳೆ. ಇಲ್ಲೇ ಹತ್ತಿರದ ಕ್ಲೆಮೆಂಟಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ, ಬೆಂಗಳೂರಿನವಳು, ಚುರುಕು. ನನ್ನ ಮೂಗಿನ ಕಥೆ ಅವಳಿಗೆ ಯಾರೂ ಹೇಳಿಲ್ಲ. ಮೊನ್ನೆ ಶುಕ್ರವಾರ ನೋಟ್‌ಬುಕ್ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

“ಆಂಟಿ, ಮೊದ್ಲು ನೀವೇ ಕ್ಲಾಸ್ ತಗೋತಿದ್ರಂತೆ? ನಾಳೆ ನಂದು ಫಸ್ಟ್ ಕ್ಲಾಸ್. ಬರ್ಗಂಡೀನ ಹೇಗೆ ಎಕ್ಸ್‌ಪ್ಲೇನ್ ಮಾಡ್ತಿದ್ರಿ, ಸ್ವಲ್ಪ ಹೇಳ್ತೀರಾ?”

ಹೇಳುವುದಕ್ಕೆ ಮೊದಲು ಅಭ್ಯಾಸದಂತೆ ಕಣ್ಣು ಮುಚ್ಚಿದೆ. ವಾಸನೆ ಹೋದ ಮೇಲೂ ಅದರ ನೆನಪು ಇಷ್ಟು ದಿನ ನನ್ನೊಳಗಿತ್ತು. ಕಣ್ಣು ಮುಚ್ಚಿದರೆ ಎಲ್ಲೋ ದೂರದಲ್ಲಿ ಸಿಗುತ್ತಿತ್ತು. ಆವತ್ತು ಎಷ್ಟು ಹುಡುಕಿದರೂ ಸಿಗಲಿಲ್ಲ. ಹಸಿ ಮಣ್ಣು ಎಂಬ ಮಾತಿತ್ತು. ಹಸಿ ಮಣ್ಣು ಹೇಗಿತ್ತು ಎಂಬುದಿರಲಿಲ್ಲ. ಅಣಬೆ, ಚೆರ್ರಿ, ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲವೂ ಬರೀ ಹೆಸರು.

“ಆಂಟಿ?”

“ಮೊದಲು ಏನೂ ಹೇಳೋದಿಲ್ಲ ಅದು” ಎಂದೆ. “ಸ್ವಲ್ಪ ಕಾಯ್ಬೇಕು. ಆಮೇಲೆ ಚೆರ್ರಿ, ಆಮೇಲೆ ಅಣಬೆ, ಹಸಿ ಮಣ್ಣು.”

ಅವಳು ಚೆಂದದ ಅಕ್ಷರದಲ್ಲಿ ಬರೆದುಕೊಂಡಳು. “ಥ್ಯಾಂಕ್ಯೂ ಆಂಟಿ, ಎಷ್ಟು ಚೆನ್ನಾಗಿ ಹೇಳಿದ್ರಿ” ಎಂದು ಹೋದಳು. ಅಮೆರಿಕದ ಓರೆಗಾನ್‌ನಿಂದ ಬಂದ ಸರಕಿನ ಕಾಗದ ಪರದೆಯ ಮೇಲೆ ತೆರೆದೇ ಇತ್ತು. ಬೆರಳುಗಳು ಕೀಲಿಗಳ ಮೇಲಿದ್ದವು. ದ್ರಾಕ್ಷಿಯ ಹೆಸರು ಎಂದಿದ್ದ ಕಡೆ ಪಿನೋ ನ್ವಾರ್ ಎಂದು ಟೈಪ್ ಮಾಡಿದೆ.